ಮಾತು ಹಾಡಾಗುವ ಗಳಿಗೆ: ಮ್ಯೂಸಿಕಲ್ ಥಿಯೇಟರಿನ ಗಾಯನವನ್ನು ವಿಶ್ವವಿದ್ಯಾಲಯದಲ್ಲಿ ಕಲಿಯುವುದು

(ರಂಗಸಂಗೀತದ ಅಭ್ಯಾಸಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಗೆಳೆಯರೇ, ಅಮೆರಿಕ ಮತ್ತು ಬ್ರಿಟನ್ನಿನ ವಿಶ್ವವಿದ್ಯಾಲಯಗಳಲ್ಲಿ ‘ಮ್ಯೂಸಿಕಲ್ ಥಿಯೇಟರ್’ ಎಂಬ ಪ್ರತ್ಯೇಕ ಪದವಿಯೊಂದಿದೆ. ಹಾಡು, ಅಭಿನಯ, ನೃತ್ಯ ಈ ಮೂರನ್ನೂ ಒಬ್ಬನೇ ವಿದ್ಯಾರ್ಥಿಗೆ ಒಟ್ಟಿಗೆ ಕಲಿಸುವ ಆ ಪದವಿಯಲ್ಲಿ ಗಾಯನದ ಪಾಠ ಹೇಗೆ ನಡೆಯುತ್ತದೆ ಎಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ನಮ್ಮ ವೃತ್ತಿರಂಗಭೂಮಿಯಲ್ಲಿ ಹಾಡಿಗೇನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಆ ಹಾಡುಗಾರಿಕೆಯನ್ನು ಒಂದು ಶಿಸ್ತಾಗಿ ಬರೆದಿಟ್ಟು, ಮುಂದಿನವರಿಗೆ ದಾಟಿಸುವ ಪಠ್ಯಕ್ರಮಕ್ಕೆ. ಆದ್ದರಿಂದ ಬೇರೆಯವರು ಅಂಥದೊಂದನ್ನು ಹೇಗೆ ಕಟ್ಟಿಕೊಂಡರು, ಕಟ್ಟುವಾಗ ಏನನ್ನು ಗಳಿಸಿದರು, ಏನನ್ನು ಕಳೆದುಕೊಂಡರು ಎಂದು ನೋಡುವುದರಲ್ಲಿ ನಮಗೆ ಲಾಭವಿದೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಪದವಿಯಲ್ಲಿ ಗಾಯನ ಪಾಠ, ಸ್ವರಲಿಪಿ, ಪಿಯಾನೊ, ಬ್ಯಾಲೆ, ಟ್ಯಾಪ್ ನೃತ್ಯ ಎಂದು ಎಷ್ಟೇ ವಿಷಯಗಳಿರಲಿ, ಅವೆಲ್ಲವೂ ಕೊನೆಗೆ ಬಂದು ಸೇರುವುದು ಒಂದೇ ಪ್ರಶ್ನೆಗೆ: ಇಷ್ಟು ಹೊತ್ತು ಮಾತಾಡುತ್ತಿದ್ದ ಪಾತ್ರ ಈಗ ಯಾಕೆ ಹಾಡಬೇಕಾಯಿತು, ಹಾಡತೊಡಗಿದ ಮೇಲೂ ಅದು ಅದೇ ಪಾತ್ರವಾಗಿ ಉಳಿಯುವುದು ಹೇಗೆ? ಈ ಪ್ರಶ್ನೆಯನ್ನು ಕೈಬಿಟ್ಟ ಗಾಯನ ಪಾಠ ಸಂಗೀತ ಕಾಲೇಜಿನ ಪಾಠವಾಗುತ್ತದೆ, ಇದನ್ನು ಬಿಟ್ಟ ಅಭಿನಯ ಪಾಠ ನಾಟಕ ಶಾಲೆಯ ಪಾಠವಾಗುತ್ತದೆ. ಎರಡೂ ಒಳ್ಳೆಯವೇ, ಆದರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟ ಮಾತ್ರಕ್ಕೆ ಮೂರನೆಯದು ಹುಟ್ಟುವುದಿಲ್ಲ.

ಇದು ಅಷ್ಟು ಹಳೆಯ ಶಿಕ್ಷಣವೇನಲ್ಲ. ಅಮೆರಿಕದಲ್ಲಿ ನಾಟಕಕ್ಕೇ ಮೊದಲ ಪದವಿ ಬಂದದ್ದು 1914ರಲ್ಲಿ, ಪಿಟ್ಸ್‌ಬರ್ಗಿನ ಕಾರ್ನೆಗಿ ಸಂಸ್ಥೆಯಲ್ಲಿ. ಆದರೆ ಸಂಗೀತನಾಟಕವನ್ನು ಕಟ್ಟಿದವರು ಬಹಳ ಕಾಲ ಅದನ್ನು ಯಾವ ತರಗತಿಯಲ್ಲೂ ಕಲಿತವರಲ್ಲ. ರಿಚರ್ಡ್ ರಾಜರ್ಸ್, ಲೊರೆಂಜ್ ಹಾರ್ಟ್, ಆಸ್ಕರ್ ಹ್ಯಾಮರ್‌ಸ್ಟೈನ್ ಮೂವರೂ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಓದಿದವರು ಎಂಬುದು ನಿಜ. ಆದರೆ ಅವರಿಗೆ ಅಲ್ಲಿ ಒದಗಿಬಂದದ್ದು ಪಾಠಕ್ಕಿಂತ ಹೆಚ್ಚಾಗಿ ವಿದ್ಯಾರ್ಥಿಗಳೇ ಪ್ರತಿವರ್ಷ ಕಟ್ಟಿ ಆಡುತ್ತಿದ್ದ ‘ವಾರ್ಸಿಟಿ ಶೋ’. 1930ರಲ್ಲಿ ನ್ಯೂಯಾರ್ಕಿನ ವೃತ್ತಿರಂಗಭೂಮಿಯ ಕೇಂದ್ರವಾದ ಬ್ರಾಡ್‌ವೇಯಲ್ಲಿ ಗರ್ಶ್ವಿನ್ ಸಂಗೀತದ ಒಂದು ಹಾಡಿನಲ್ಲಿ ತಾರಸ್ವರವೊಂದನ್ನು 16 ಆವರ್ತ ಬಿಡದೆ ಹಿಡಿದು ನಿಂತು ಮನೆಮಾತಾದ ಎಥೆಲ್ ಮರ್ಮನ್, ಅದಕ್ಕೆ ಮೊದಲು ಶೀಘ್ರಲಿಪಿ ಬೆರಳಚ್ಚುಗಾರ್ತಿಯಾಗಿ ಕೆಲಸ ಮಾಡುತ್ತಿದ್ದವಳು. ಆಕೆ ಯಾರ ಬಳಿಯೂ ಕ್ರಮವಾಗಿ ಗಾಯನ ಕಲಿತಿರಲಿಲ್ಲ.

ಹಾಗಾದರೆ ಪದವಿ ಯಾಕೆ ಬೇಕಾಯಿತು? ಕಲೆಯ ಕಾರಣಕ್ಕಿಂತ ಮೊದಲು ನನಗೆ ಕಾಣುವುದು ಖರ್ಚಿನ ಕಾರಣ. ಬ್ರಾಡ್‌ವೇಯ ಹಳೆಯ ಪ್ರದರ್ಶನಗಳಲ್ಲಿ ಹಾಡುವ ಮೇಳವೇ ಬೇರೆ, ಕುಣಿಯುವ ಮೇಳವೇ ಬೇರೆ ಇರುತ್ತಿದ್ದವು. ಸಂಬಳದ ಹೊರೆ ಹೆಚ್ಚುತ್ತ ಬಂದಂತೆ ನಿರ್ಮಾಪಕರು ಎರಡು ಮೇಳಗಳನ್ನು ಒಂದು ಮಾಡಿದರು. 1957ರಲ್ಲಿ ಬಂದ ‘ವೆಸ್ಟ್ ಸೈಡ್ ಸ್ಟೋರಿ’ಯಂಥ ಕೃತಿಗಳಲ್ಲಿ ಕಲೆಯ ದೃಷ್ಟಿಯಿಂದಲೂ ಕುಣಿಯುವವರೇ ಹಾಡಬೇಕಾಯಿತು. ಮೂರೂ ಬಲ್ಲ ನಟರಿಗೆ ಬೇಡಿಕೆ ಬಂದಾಗ ಅಂಥವರನ್ನು ತಯಾರು ಮಾಡುವ ಜಾಗವೂ ಬೇಕಾಯಿತು. 1968ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದ ಸಂಗೀತ ಕಾಲೇಜು ಆರಂಭಿಸಿದ ಕೋರ್ಸನ್ನು ಆ ದೇಶದ ಈ ಬಗೆಯ ಕೋರ್ಸುಗಳಲ್ಲಿ ಹಿರಿಯದೆಂದು ಗಣಿಸುತ್ತಾರೆ. ಬ್ರಿಟನ್ನಿನಲ್ಲಿ, 1822ರಲ್ಲಿ ಸ್ಥಾಪನೆಯಾದ ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್, 1994ರಲ್ಲಷ್ಟೇ ಈ ವಿಷಯಕ್ಕೆ ಬಾಗಿಲು ತೆರೆಯಿತು. ಮೊಜಾರ್ಟನ ಒಪೆರಾ ಕಲಿಸುತ್ತಿದ್ದ ಜಾಗದಲ್ಲಿ ಲಂಡನ್ನಿನ ವೃತ್ತಿರಂಗಭೂಮಿಯ ಕೇಂದ್ರವಾದ ವೆಸ್ಟ್ ಎಂಡಿನ ನಾಟಕದ ಹಾಡು ಕಲಿಸುವುದಕ್ಕೆ ನೂರೆಪ್ಪತ್ತು ವರ್ಷಗಳ ಮಡಿವಂತಿಕೆ ಸಡಿಲಬೇಕಾಯಿತು ಎಂದರೆ ತಪ್ಪಾಗದು.

ಪದವಿಯ ಹೊರಚೌಕಟ್ಟನ್ನು ಬೇಗ ಹೇಳಿ ಮುಗಿಸುತ್ತೇನೆ. ಅಮೆರಿಕದಲ್ಲಿ ನಾಲ್ಕು ವರ್ಷ, ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಮೂರು ವರ್ಷ. ಕೆಲವು ಕಡೆ ಇದು ನಾಟಕ ವಿಭಾಗದ ಅಡಿಯಲ್ಲಿದ್ದು ಅಭಿನಯಕ್ಕೆ ಹೆಚ್ಚು ಒತ್ತು ಕೊಡುತ್ತದೆ. ಕೆಲವು ಕಡೆ ಸಂಗೀತ ವಿಭಾಗದ ಅಡಿಯಲ್ಲಿದ್ದು ಸಂಗೀತಶಾಸ್ತ್ರದ ಪತ್ರಿಕೆಗಳನ್ನು ಹೆಚ್ಚು ಓದಿಸುತ್ತದೆ. ಮಿಶಿಗನ್ ವಿಶ್ವವಿದ್ಯಾಲಯದಂಥ ಕಡೆ ಸಂಗೀತ, ನಾಟಕ, ನೃತ್ಯ ಮೂರೂ ಒಂದೇ ನಿಕಾಯದ ಅಡಿಯಲ್ಲಿವೆ. ವಾರಕ್ಕೊಮ್ಮೆ ಗುರುವಿನ ಎದುರು ಒಬ್ಬರೇ ಕೂತು ಕಲಿಯುವ ಗಾಯನ ಪಾಠ, ಸ್ವರಲಿಪಿ ನೋಡಿದ ತಕ್ಷಣ ಹಾಡುವ ಅಭ್ಯಾಸ, ಸಂಗೀತಶಾಸ್ತ್ರ, ಕೀಲಿಮಣೆಯ ಪಾಠ, ಅಭಿನಯ, ಮೂರು ಬಗೆಯ ನೃತ್ಯ, ಇವುಗಳ ಜೊತೆಗೆ ಸಂಜೆಯ ತಾಲೀಮು; ಇದು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ.

ಇನ್ನು ಕಂಠದ ವಿಚಾರ. ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಈ ಪದವಿಯ ನಿಜವಾದ ಜಗಳ ನಡೆದದ್ದು ಇಲ್ಲೇ.

ಒಪೆರಾ ಗಾಯಕರು ಮೈಕ್ ಇಲ್ಲದೆ ದೊಡ್ಡ ವಾದ್ಯವೃಂದದ ಮೇಲೆ ಕೇಳಿಸಬೇಕು. ಅದಕ್ಕಾಗಿ ಅವರು ಗಂಟಲನ್ನು ತಗ್ಗಿಸಿ, ಒಳಗಿನ ಜಾಗವನ್ನು ಹಿಗ್ಗಿಸಿ, ದನಿಗೆ ಒಂದು ವಿಶೇಷವಾದ ಹೊಳಪನ್ನು ತಂದುಕೊಳ್ಳುತ್ತಾರೆ. ಸ್ವೀಡನ್ನಿನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬರ್ಗ್, ಈ ಹೊಳಪು ಸೆಕೆಂಡಿಗೆ 3,000 ಕಂಪನಗಳ ಆಸುಪಾಸಿನಲ್ಲಿ ಶಕ್ತಿ ಗುಂಪುಗೂಡುವುದರಿಂದ ಬರುತ್ತದೆಂದೂ, ವಾದ್ಯವೃಂದದ ಬಲ ಆ ಎತ್ತರದಲ್ಲಿ ಕುಗ್ಗಿರುವುದರಿಂದ ಗಾಯಕನ ದನಿ ಅದನ್ನು ದಾಟಿ ಕೇಳಿಸುತ್ತದೆಂದೂ ತೋರಿಸಿಕೊಟ್ಟವರು. ಆದರೆ ಹೀಗೆ ಹಾಡುವಾಗ ಪದಗಳ ಸ್ಪಷ್ಟತೆ ಹೋಗುತ್ತದೆ. ತಾರಸ್ಥಾಯಿಯಲ್ಲಿ ‘ಆ’ಕಾರ, ‘ಏ’ಕಾರ, ‘ಓ’ಕಾರಗಳು ಒಂದರೊಳಗೊಂದು ಕರಗಿಬಿಡುತ್ತವೆ. ಒಪೆರಾದ ಕೇಳುಗ ಅದನ್ನು ಒಪ್ಪುತ್ತಾನೆ. ನಾಟಕದ ಕೇಳುಗ ಒಪ್ಪುವುದಿಲ್ಲ, ಅವನಿಗೆ ಕತೆ ಬೇಕು.

ಬ್ರಾಡ್‌ವೇಯ ಮಾದರಿ ದನಿಯನ್ನು ‘ಬೆಲ್ಟ್’ ಎನ್ನುತ್ತಾರೆ. ಸರಳವಾಗಿ ಹೇಳಬೇಕೆಂದರೆ, ಬೀದಿಯ ಆಚೆ ತುದಿಯಲ್ಲಿರುವವನನ್ನು ಕೂಗಿ ಕರೆಯುವಾಗ ಬರುವ ಎದೆಯ ದನಿಯನ್ನೇ ಸ್ವರಕ್ಕೆ ಕೂರಿಸಿ ಮೇಲಕ್ಕೆ ಒಯ್ಯುವುದು. ಧ್ವನಿತಂತುಗಳು ದಪ್ಪಗಾಗಿ, ಪ್ರತಿ ಕಂಪನದಲ್ಲೂ ತೆರೆದಿರುವುದಕ್ಕಿಂತ ಹೆಚ್ಚು ಹೊತ್ತು ಮುಚ್ಚಿಕೊಂಡಿರುತ್ತವೆ. ಒಂದೂವರೆ ಸೆಂಟಿಮೀಟರಿನಷ್ಟು ಉದ್ದದ ಆ ತಂತುಗಳು, ಮರ್ಮನ್ ಹಿಡಿದ ಆ ತಾರಸ್ವರದಲ್ಲಿ, ಸೆಕೆಂಡಿಗೆ 523 ಬಾರಿ ಒಂದಕ್ಕೊಂದು ಬಡಿಯುತ್ತವೆ. ಇದನ್ನು ವಾರಕ್ಕೆ ಎಂಟು ಪ್ರದರ್ಶನಗಳಲ್ಲಿ ಮಾಡಬೇಕು; ಬ್ರಾಡ್‌ವೇಯ ವಾರದ ಲೆಕ್ಕ ಅದು. ಹಳೆಯ ಸಂಗೀತ ಕಾಲೇಜುಗಳ ಗುರುಗಳು ಇದನ್ನು ಕೇಳಿ ಹೌಹಾರಿದ್ದರಲ್ಲಿ ಆಶ್ಚರ್ಯವೇನಿಲ್ಲ. ಬೆಲ್ಟ್ ಮಾಡಿದರೆ ಗಂಟಲು ಹೋಗುತ್ತದೆ ಎಂಬುದು ದಶಕಗಳ ಕಾಲ ಅಲ್ಲಿನ ವೇದವಾಕ್ಯವಾಗಿತ್ತು. ನಾಟಕದ ವಿದ್ಯಾರ್ಥಿ ಪಾಠದಲ್ಲಿ ಇಟಾಲಿಯನ್ ಕೀರ್ತನೆಯಂಥದನ್ನು ಹಾಡುತ್ತ, ರಾತ್ರಿ ರಂಗದ ಮೇಲೆ ಬೇರೆಯೇ ದನಿಯನ್ನು ತನಗೆ ತಾನೇ ಕಲಿತುಕೊಳ್ಳುತ್ತಿದ್ದ. ಗುರುವಿಗೆ ಗೊತ್ತಿಲ್ಲದ ಆ ಕಲಿಕೆಯಿಂದಲೇ ಗಂಟಲು ಕೆಡುತ್ತಿದ್ದದ್ದು ಎಂದು ನನಗನ್ನಿಸುತ್ತದೆ.

ಈ ನಂಬಿಕೆಯನ್ನು ಅಲುಗಿಸಿದವರಲ್ಲಿ ಜೋ ಎಸ್ಟಿಲ್ ಎಂಬ ಗಾಯಕಿ ಒಬ್ಬರು. ತಾನೇ ಪ್ರಯೋಗಕ್ಕೆ ಒಡ್ಡಿಕೊಂಡು, ಬೇರೆ ಬೇರೆ ಬಗೆಯ ದನಿಗಳಲ್ಲಿ ಗಂಟಲಿನ ಯಾವ ಭಾಗ ಏನು ಮಾಡುತ್ತದೆ ಎಂದು ಅಳೆದು, ಬೆಲ್ಟ್ ಎಂಬುದು ಕೆಟ್ಟ ಅಭ್ಯಾಸವಲ್ಲ, ಬೇರೊಂದು ಹೊಂದಾಣಿಕೆ ಎಂದು ಆಕೆ ವಾದಿಸಿದರು. ಕೊನೆಗೆ 2008ರಲ್ಲಿ ಅಮೆರಿಕದ ಗಾಯನ ಗುರುಗಳ ಹಳೆಯ ಅಕಾಡೆಮಿಯೇ ಶಾಸ್ತ್ರೀಯವಲ್ಲದ ಗಾಯನಕ್ಕೆ ಅದರದೇ ಆದ ಬೋಧನಾಕ್ರಮ ಬೇಕೆಂದು ಲಿಖಿತವಾಗಿ ಒಪ್ಪಿಕೊಂಡಿತು. ಪದವಿ ಶುರುವಾಗಿ ನಲವತ್ತು ವರ್ಷಗಳಾದ ಮೇಲೆ!

ಇಂದಿನ ಪಾಠದಲ್ಲಿ ವಿದ್ಯಾರ್ಥಿ ಮೂರು ದನಿಗಳನ್ನು ಕಲಿಯುತ್ತಾನೆ. ಒಂದು ಈ ಬೆಲ್ಟ್. ಇನ್ನೊಂದು, 1940–50ರ ದಶಕಗಳ ನಾಟಕಗಳಿಗೆ ಬೇಕಾದ, ಒಪೆರಾಕ್ಕೆ ಹತ್ತಿರವಾದ, ತಲೆಯಲ್ಲಿ ಮೊಳಗುವ ದನಿ. ಇದನ್ನು ‘ಲೆಜಿಟ್’ ಎಂದು ಕರೆಯುತ್ತಾರೆ. ನಮ್ಮಲ್ಲಿ ಕಳ್ಳದನಿ ಎಂದು ಹಗುರವಾಗಿ ತಳ್ಳಿಹಾಕುವ ಮೇಲಿನ ಸ್ಥಾಯಿಯನ್ನೂ ಅಲ್ಲಿ ಗೌರವದಿಂದ ಪಳಗಿಸುತ್ತಾರೆ ಎಂಬುದನ್ನು ಗಮನಿಸಿ. ಮೂರನೆಯದು ‘ಮಿಕ್ಸ್’, ಎರಡರ ನಡುವಿನದು, ಕಲಿಯಲು ಅತ್ಯಂತ ಕಷ್ಟವಾದದ್ದು. 2003ರಲ್ಲಿ ತೆರೆಕಂಡ ‘ವಿಕೆಡ್’ ನಾಟಕದ ಇಬ್ಬರು ನಾಯಕಿಯರಲ್ಲಿ ಒಬ್ಬಳದು ಪೂರ್ತಿ ಬೆಲ್ಟ್, ಇನ್ನೊಬ್ಬಳದು ಬಹುಪಾಲು ಒಪೆರಾಕ್ಕೆ ಸಲ್ಲುವ ತಾರಸ್ಥಾಯಿ. ಇಬ್ಬರ ಸ್ವಭಾವದ ವ್ಯತ್ಯಾಸವನ್ನು ಕಂಠದ ವ್ಯತ್ಯಾಸವೇ ಹೇಳುತ್ತದೆ. ಆದ್ದರಿಂದ ಯಾವ ದನಿಯನ್ನು ಬಳಸಬೇಕು ಎಂಬುದು ಅಲ್ಲಿ ಸಂಗೀತದ ಪ್ರಶ್ನೆ ಮಾತ್ರವಲ್ಲ, ಪಾತ್ರದ ಪ್ರಶ್ನೆಯೂ ಹೌದು.

ಸ್ವರಾಕ್ಷರದ ಭೌತಶಾಸ್ತ್ರವನ್ನೂ ವಿದ್ಯಾರ್ಥಿ ತಿಳಿಯಬೇಕು. ‘ಈ’ ಎನ್ನುವಾಗ ಬಾಯಿಯೊಳಗಿನ ಅತಿ ಕೆಳಗಿನ ಅನುರಣನ ಸೆಕೆಂಡಿಗೆ 300 ಕಂಪನಗಳ ಹತ್ತಿರವಿರುತ್ತದೆ. ‘ಆ’ ಎನ್ನುವಾಗ ಅದು ಎರಡು ಪಟ್ಟಿಗೂ ಹೆಚ್ಚು ಮೇಲಿರುತ್ತದೆ. ಬೆಲ್ಟ್ ದನಿಗೆ ಬಲ ಬರುವುದು, ಹಾಡುತ್ತಿರುವ ಸ್ವರದ ಎರಡನೆಯ ಉಪಸ್ವರಕ್ಕೆ (ಅಂದರೆ ಮೂಲ ಕಂಪನದ ಎರಡು ಪಟ್ಟಿನದಕ್ಕೆ) ಈ ಅನುರಣನವನ್ನು ಹೊಂದಿಸಿದಾಗ. ಆದ್ದರಿಂದ ತಾರಸ್ವರದಲ್ಲಿ ‘ಈ’ಕಾರವನ್ನು ಹಾಗೆಯೇ ಹಿಡಿದರೆ ದನಿ ಕಿರಿದಾಗಿ ಗಂಟಲು ಬಿಗಿಯುತ್ತದೆ, ಬಾಯಿ ತೆರೆದು ಸ್ವಲ್ಪ ‘ಎ’ಕಾರದ ಕಡೆಗೆ ಅದನ್ನು ವಾಲಿಸಬೇಕು, ಆದರೆ ಕೇಳುಗನಿಗೆ ಪದ ಬದಲಾದಂತೆ ಅನ್ನಿಸಬಾರದು. ಇದನ್ನು ಬಲ್ಲ ಗೀತಕಾರರು ಎತ್ತರದ ಸ್ವರಕ್ಕೆ ತೆರೆದ ಸ್ವರಾಕ್ಷರವನ್ನೇ ಕೊಡುತ್ತಾರೆ. ಹ್ಯಾಮರ್‌ಸ್ಟೈನ್ ತಾನು 1945ರ ‘ಕರೋಸೆಲ್’ ನಾಟಕಕ್ಕೆ ಬರೆದ ಹಾಡೊಂದರ ಕಡೆಯ ಪದ ‘ಕ್’ ಎಂಬ ವ್ಯಂಜನದಲ್ಲಿ ಮುಚ್ಚಿಕೊಂಡದ್ದಕ್ಕೆ ಮುಂದೆ ಬರಹದಲ್ಲೇ ಪೇಚಾಡಿಕೊಂಡರು. ಹಾಡುವವಳು ಆ ಸ್ವರವನ್ನು ತೆರೆದು ಹಿಡಿಯಲಾಗದೆ ಚಪ್ಪಾಳೆಯೇ ತಪ್ಪಿಹೋಯಿತೆಂಬುದು ಅವರ ಲೆಕ್ಕ.

ಕನ್ನಡದ ಗಾಯಕನಟನಿಗೆ ಈ ತಾಪತ್ರಯ ಕಡಿಮೆ, ನಮ್ಮ ಪದಗಳು ಹೆಚ್ಚಾಗಿ ಸ್ವರಾಕ್ಷರದಲ್ಲೇ ಮುಗಿಯುತ್ತವೆ. ನಮ್ಮ ತೊಡಕು ಹ್ರಸ್ವ ದೀರ್ಘಗಳದ್ದು. ಮಟ್ಟಿಗೆ ಎಳೆಯಲು ಹೋಗಿ ‘ಮರ’ವನ್ನು ‘ಮಾರ’ ಮಾಡುವ, ‘ಕಡು’ವನ್ನು ‘ಕಾಡು’ ಮಾಡುವ ಹಾಡುಗಾರಿಕೆಯನ್ನು ನಾವೆಲ್ಲ ಕೇಳಿದ್ದೇವೆ. ನಮ್ಮ ಪಠ್ಯಕ್ರಮವೊಂದು ಬಂದರೆ ಅದರ ಮೊದಲ ಅಧ್ಯಾಯ ಇದೇ ಆಗಬೇಕೆಂದು ನನ್ನ ಆಸೆ.

ಕಂಠವನ್ನು ಬಿಟ್ಟು ಈಗ ಹಾಡಿಗೆ ಬರೋಣ. ಈ ಪದವಿಯ ನಡುಮನೆಯೆಂದರೆ ಹಾಡನ್ನು ಅಭಿನಯಿಸುವ ತರಗತಿ. ವಿದ್ಯಾರ್ಥಿ ಒಂದು ಹಾಡನ್ನು ಆರಿಸಿ ತರುತ್ತಾನೆ. ಗುರು ಮೊದಲು ಅವನಿಂದ ಅದನ್ನು ಹಾಡಿಸುವುದಿಲ್ಲ. ರಾಗವಿಲ್ಲದೆ, ಸ್ವಗತದಂತೆ ಮಾತಿನಲ್ಲಿ ಹೇಳಿಸುತ್ತಾನೆ. ಯಾರಿಗೆ ಹೇಳುತ್ತಿದ್ದೀಯ, ಅವರಿಂದ ನಿನಗೇನಾಗಬೇಕು, ಈ ಸಾಲಿಗೂ ಮುಂದಿನ ಸಾಲಿಗೂ ನಡುವೆ ನಿನಗೆ ಹೊಳೆದದ್ದೇನು ಎಂದು ಕೇಳುತ್ತಾನೆ. ಪಲ್ಲವಿ ಮೂರು ಸಲ ಬರುವುದಾದರೆ ಮೂರನೆಯ ಸಲ ಅದನ್ನು ಹೇಳುವ ಕಾರಣ ಮೊದಲಿನದಕ್ಕಿಂತ ಬೇರೆಯಾಗಿರಲೇಬೇಕು. ಹಾಡಿಗೆ ಮೊದಲು ಪಿಯಾನೊ ನುಡಿಸುವ ನಾಲ್ಕು ಮಾತ್ರೆಗಳಲ್ಲಿ ಸುಮ್ಮನೆ ನಿಂತಿರುವಂತಿಲ್ಲ. ಹಾಡುವುದಕ್ಕೆ ನೂಕುವ ಯೋಚನೆ ಆ ನಾಲ್ಕು ಮಾತ್ರೆಗಳಲ್ಲೇ ಹುಟ್ಟಬೇಕು. ಇಷ್ಟೆಲ್ಲ ಆದ ಮೇಲೆ ಸ್ವರ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. 1973ರಲ್ಲಿ ಸ್ಟೀಫನ್ ಸಾಂಡೈಮ್ ‘ಎ ಲಿಟಲ್ ನೈಟ್ ಮ್ಯೂಸಿಕ್’ ಎಂಬ ನಾಟಕಕ್ಕೆ ಸಂಗೀತ ಕೊಟ್ಟರು. ಅದರ ನಡುವಯಸ್ಸಿನ ನಾಯಕಿಯ ಪಾತ್ರಕ್ಕೆ ಆಯ್ಕೆಯಾದವಳು ಗ್ಲಿನಿಸ್ ಜಾನ್ಸ್. ಒಳ್ಳೆಯ ನಟಿ, ಮಂಜು ಕವಿದಂಥ ಚೆಂದದ ದನಿ, ಆದರೆ ಉದ್ದ ಸ್ವರಗಳನ್ನು ಹಿಡಿಯುವ ಉಸಿರಿಲ್ಲ. ಸಾಂಡೈಮ್ ಆಕೆಗೆಂದು ಬರೆದ ‘ಸೆಂಡ್ ಇನ್ ದ ಕ್ಲೌನ್ಸ್’ ಹಾಡಿನ ಸಾಲುಗಳೆಲ್ಲ ಚಿಕ್ಕಚಿಕ್ಕವು, ಹಲವು ಪ್ರಶ್ನೆಯಾಗಿಯೇ ಮುಗಿಯುತ್ತವೆ, ಉಸಿರು ತೆಗೆದುಕೊಳ್ಳಲು ಮತ್ತೆ ಮತ್ತೆ ಎಡೆಯಿದೆ. ನಾಟಕದ ಸಂಗೀತ ಹೆಚ್ಚುಕಡಿಮೆ ಎಲ್ಲವೂ ಮೂರರ ಗತಿಯಲ್ಲಿದೆ. ಈ ಹಾಡೂ ಹನ್ನೆರಡು ಮತ್ತು ಒಂಬತ್ತು ಎಣಿಕೆಗಳ ನಡುವೆ ಓಲಾಡುತ್ತದೆ. ತರಗತಿಗೆ ಈ ಹಾಡನ್ನು ತರುವ, ಒಳ್ಳೆಯ ಉಸಿರಿರುವ ವಿದ್ಯಾರ್ಥಿನಿ ಮಾಡುವ ಮೊದಲ ಕೆಲಸ ಎರಡು ಮೂರು ಸಾಲುಗಳನ್ನು ಒಂದೇ ಉಸಿರಿಗೆ ಜೋಡಿಸಿ ಸೊಗಸಾಗಿ ಹಾಡುವುದು. ಆಗ ಹಾಡು ಸತ್ತುಹೋಗುತ್ತದೆ. ಎಷ್ಟೋ ವರ್ಷಗಳ ಹಿಂದೆ ತಾನೇ ಕೈಬಿಟ್ಟ ಗಂಡಸಿನ ಮುಂದೆ ಕೂತು, ತಡವಾಯಿತೆಂದು ಅರಿವಾಗಿ, ಅಳುವ ಬದಲು ವ್ಯಂಗ್ಯವಾಡುತ್ತಿರುವ ಹೆಂಗಸು ಅವಳು; ಅವಳ ಸಾಲು ಮುರಿಯುವುದು ಮುಂದಿನ ಮಾತು ಹೊಳೆಯದೆ. ನಟಿಯ ಉಸಿರಿನ ಮಿತಿ ಪಾತ್ರದ ಮನಸ್ಸಿನ ಆಕಾರವಾಗಿಬಿಟ್ಟಿದೆ. ಇದನ್ನು ಸ್ವರಲಿಪಿಯಲ್ಲಿ ಓದಿ ಕಂಡುಕೊಳ್ಳಬಲ್ಲ ವಿದ್ಯಾರ್ಥಿಗೂ, ಧ್ವನಿಮುದ್ರಣ ಕೇಳಿ ನಕಲು ಮಾಡುವ ವಿದ್ಯಾರ್ಥಿಗೂ ಇರುವ ಅಂತರವೇ ಈ ಪದವಿಯ ಬೆಲೆ.

ಕಿವಿಯ ಪಾಠವೂ ಅಷ್ಟೇ ನಾಟಕಕ್ಕೆ ಹತ್ತಿರವಾದದ್ದು. ‘ವೆಸ್ಟ್ ಸೈಡ್ ಸ್ಟೋರಿ’ಯ ನಾಯಕ ನಾಯಕಿಯ ಹೆಸರನ್ನು ಮೂರು ಸ್ವರಗಳಲ್ಲಿ ಹಾಡುತ್ತಾನೆ: ಷಡ್ಜದಿಂದ ನೇರವಾಗಿ ಪ್ರತಿಮಧ್ಯಮಕ್ಕೆ ಜಿಗಿದು, ಅಲ್ಲಿ ನಿಲ್ಲಲಾಗದೆ ಪಂಚಮಕ್ಕೆ ಸೇರುತ್ತಾನೆ. ಕಲ್ಯಾಣಿಯನ್ನು ಕೇಳಿ ಬೆಳೆದ ನಮಗೆ ಪ್ರತಿಮಧ್ಯಮದ ಆ ತುಡಿತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ನಾಟಕದ ಇನ್ನೊಂದು ಹಾಡು, ಎಲ್ಲಾದರೂ ನಮಗೊಂದು ಜಾಗವಿದ್ದೀತೆಂದು ಹಂಬಲಿಸುವ ಹಾಡು, ಷಡ್ಜದಿಂದ ಮೇಲಿನ ಕೈಶಿಕಿ ನಿಷಾದಕ್ಕೆ ಚಾಚುತ್ತದೆ. ಮೇಲಿನ ಷಡ್ಜ ಮುಟ್ಟಲು ಇನ್ನೂ ಒಂದು ಸ್ವರ ಬಾಕಿ ಉಳಿಯುವ ಚಾಚು ಅದು. ಆ ನಾಟಕಕ್ಕೆ ಸಂಗೀತ ಕೊಟ್ಟ ಲಿಯೊನಾರ್ಡ್ ಬರ್ನ್‌ಸ್ಟೈನ್ ಈ ಅಂತರಗಳನ್ನು ಕುರುಡಾಗಿ ಆರಿಸಿದವರಲ್ಲ. ಸ್ವರಾಂತರದ ಪಾಠವನ್ನು ಬರೀ ಕಸರತ್ತಾಗಿ ಕಲಿತವನಿಗೆ ಇಲ್ಲಿ ಕಷ್ಟದ ಜಿಗಿತ ಮಾತ್ರ ಕಾಣುತ್ತದೆ.

ನಮ್ಮ ಪದ್ಧತಿಗೂ ಅವರದಕ್ಕೂ ಇರುವ ಒಂದು ದೊಡ್ಡ ವ್ಯತ್ಯಾಸ ಶ್ರುತಿಯದು. ನಮ್ಮ ಕಂಪನಿಗಳಲ್ಲಿ ನಟ ಬದಲಾದರೆ ಹಾರ್ಮೋನಿಯಂ ಮೇಷ್ಟ್ರು ಮನೆಯನ್ನು ಬದಲಿಸಿಕೊಳ್ಳುತ್ತಿದ್ದರು. ಕಪ್ಪು ಎರಡರಿಂದ ಬಿಳಿ ಐದಕ್ಕೆ ಹೋಗುವುದು ಅವರಿಗೆ ಕ್ಷಣದ ಕೆಲಸ. ಬ್ರಾಡ್‌ವೇಯಲ್ಲಿ ಹಾಡಿನ ಶ್ರುತಿ ಸಾಮಾನ್ಯವಾಗಿ ಮೊದಲು ಪಾತ್ರ ಮಾಡಿದವರ ಕಂಠಕ್ಕೆ ಕೂರಿಸಿದ್ದು, ಇಡೀ ವಾದ್ಯವೃಂದದ ಲಿಪಿಯಲ್ಲಿ ಅಚ್ಚಾಗಿರುತ್ತದೆ. ಮುಂದೆ ಇಪ್ಪತ್ತು ವರ್ಷ ಆ ಪಾತ್ರಕ್ಕೆ ಬರುವವರೆಲ್ಲ ಮೊದಲ ನಟಿಯ ಗಂಟಲಿಗೇ ತಮ್ಮ ಗಂಟಲನ್ನು ಒಗ್ಗಿಸಿಕೊಳ್ಳಬೇಕು. ಇದರಲ್ಲಿ ನಮ್ಮ ಮೇಷ್ಟ್ರುಗಳದೇ ಹೆಚ್ಚು ಮಾನವೀಯವಾದ ವ್ಯವಸ್ಥೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಗುರುವಿನ ಪ್ರಭಾವದ ಬಗ್ಗೆ ಒಂದು ಪ್ರಸಂಗ. ನ್ಯೂಯಾರ್ಕಿನಿಂದ ಬಹಳ ದೂರದ ಒಕ್ಲಹೋಮಾ ಸಿಟಿ ವಿಶ್ವವಿದ್ಯಾಲಯದಲ್ಲಿ ಫ್ಲಾರೆನ್ಸ್ ಬರ್ಡ್‌ವೆಲ್ ಎಂಬ ಗಾಯನದ ಅಧ್ಯಾಪಕಿ ದಶಕಗಳ ಕಾಲ ಪಾಠ ಮಾಡಿದರು. 2015ರಲ್ಲಿ ಸಂಗೀತನಾಟಕದ ಶ್ರೇಷ್ಠ ನಟಿಗೆ ಸಲ್ಲುವ ಟೋನಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡವರಲ್ಲಿ ಇಬ್ಬರು, ಕ್ರಿಸ್ಟಿನ್ ಚೆನೊವೆತ್ ಮತ್ತು ಕೆಲ್ಲಿ ಒ’ಹಾರಾ, ಇದೇ ಅಧ್ಯಾಪಕಿಯ ಶಿಷ್ಯೆಯರು; ಪ್ರಶಸ್ತಿ ಒ’ಹಾರಾಗೆ ಬಂತು. ಒ’ಹಾರಾ ಓದಿದ್ದು ಒಪೆರಾ ಗಾಯನದ ಪದವಿ. ಚೆನೊವೆತ್ ಸಂಗೀತನಾಟಕದ ಪದವಿಯ ನಂತರ ಒಪೆರಾದಲ್ಲೇ ಸ್ನಾತಕೋತ್ತರ ಪದವಿ ಪಡೆದವರು. ಒಬ್ಬಳೇ ಗುರುವಿನ ಕೈಯಲ್ಲಿ ಪಳಗಿದರೂ ಒಬ್ಬರ ದನಿ ಇನ್ನೊಬ್ಬರದರಂತಿಲ್ಲ ಎಂಬುದೇ ಆ ಗುರುವಿನ ದೊಡ್ಡತನ.

ಇದನ್ನು ಯಾಕೆ ಎತ್ತಿ ಹೇಳುತ್ತಿದ್ದೇನೆಂದರೆ, ಈ ಪದವಿಯ ಮೇಲೆ ನನಗಿರುವ ಮುಖ್ಯ ಆಕ್ಷೇಪ ಅಲ್ಲೇ ಇದೆ. ಇವತ್ತು ಬರುವ ಧ್ವನಿಮುದ್ರಣಗಳಲ್ಲಿ ತರಬೇತಾದ ಕಂಠಗಳೆಲ್ಲ ಒಂದೇ ಅಚ್ಚಿನಿಂದ ಬಂದಂತೆ ಕೇಳಿಸುತ್ತವೆ: ಅದೇ ಹೊಳಪು, ಅದೇ ಜಾಗದಲ್ಲಿ ಅದೇ ಕಂಪನ, ಕಡೆಯ ಸ್ವರಕ್ಕೆ ಅದೇ ಆರ್ಭಟ. ಪ್ರವೇಶ ಪರೀಕ್ಷೆಯಲ್ಲೂ ವೃತ್ತಿಯ ಆಯ್ಕೆಯಲ್ಲೂ 16 ಇಲ್ಲವೇ 32 ಆವರ್ತಗಳ ತುಣುಕು ಹಾಡಿ ಗಮನ ಸೆಳೆಯಬೇಕಾದ ವ್ಯವಸ್ಥೆ, ಹಾಡಿನ ಅತಿ ಎತ್ತರದ, ಅತಿ ಜೋರಿನ ಭಾಗವನ್ನೇ ಆರಿಸಿಕೊಳ್ಳುವಂತೆ ಮಾಡುತ್ತದೆ. ನಾಲ್ಕು ವರ್ಷ ಕಲಿತ ಸೂಕ್ಷ್ಮವನ್ನು ಅರ್ಧ ನಿಮಿಷದ ಸಂತೆ ತಿಂದುಹಾಕುತ್ತದೆ. ಅಮೆರಿಕದ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ 60,000 ಡಾಲರ್ ದಾಟಿರುವಾಗ, ಸಾಲ ಮಾಡಿ ಓದಿದ ವಿದ್ಯಾರ್ಥಿ ಸಂತೆಗೆ ಬೇಕಾದ ದನಿಯನ್ನೇ ತಂದುಕೊಳ್ಳುತ್ತಾನೆ. ಅವನನ್ನು ದೂರಿ ಪ್ರಯೋಜನವಿಲ್ಲ.

ಹಾಡು ಬರೆಯುವವರ, ಸಂಗೀತ ಕೊಡುವವರ ಶಿಕ್ಷಣ ಈ ಒತ್ತಡದಿಂದ ಸ್ವಲ್ಪ ಪಾರಾಗಿದೆ. ಸಾಂಡೈಮ್ ವಿಲಿಯಮ್ಸ್ ಕಾಲೇಜಿನಲ್ಲಿ ಸಂಗೀತ ಓದಿ 1950ರಲ್ಲಿ ಪದವಿ ಪಡೆದರು. ಆದರೆ ಅವರ ನಿಜವಾದ ಪಠ್ಯಕ್ರಮ ಹದಿಹರೆಯದಲ್ಲೇ ಹ್ಯಾಮರ್‌ಸ್ಟೈನ್ ಕೊಟ್ಟದ್ದು. ನಾಲ್ಕು ನಾಟಕ ಬರೆ ಎಂದಿದ್ದರು ಅವರು: ನೀನು ಮೆಚ್ಚಿದ ನಾಟಕವೊಂದನ್ನು ಆಧರಿಸಿ ಒಂದು, ಇಷ್ಟವಾದರೂ ದೋಷವಿದೆ ಎನ್ನಿಸಿದ ನಾಟಕವನ್ನು ಆಧರಿಸಿ ಇನ್ನೊಂದು, ನಾಟಕವಲ್ಲದ ಕತೆ ಕಾದಂಬರಿಯಿಂದ ಮೂರನೆಯದು, ಪೂರ್ತಿ ನಿನ್ನದೇ ಆದ ನಾಲ್ಕನೆಯದು. ಇದಕ್ಕಿಂತ ಒಳ್ಳೆಯ ಪಠ್ಯಕ್ರಮವನ್ನು ನಾನು ಯಾವ ವಿಶ್ವವಿದ್ಯಾಲಯದ ಕೈಪಿಡಿಯಲ್ಲೂ ಕಂಡಿಲ್ಲ. ಮುಂದೆ 1990ರಲ್ಲಿ ಆಕ್ಸ್‌ಫರ್ಡಿನ ಸೇಂಟ್ ಕ್ಯಾಥರಿನ್ಸ್ ಕಾಲೇಜಿನಲ್ಲಿ ರಂಗಭೂಮಿಗೆಂದು ಹೊಸ ಸಂದರ್ಶಕ ಪೀಠ ಸ್ಥಾಪನೆಯಾದಾಗ ಅದರಲ್ಲಿ ಮೊದಲು ಕೂತವರೂ ಸಾಂಡೈಮ್. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಸಂಗೀತನಾಟಕ ಬರೆಯುವುದಕ್ಕೇ ಎರಡು ವರ್ಷದ ಸ್ನಾತಕೋತ್ತರ ಪದವಿಯಿದೆ; ಗೀತಕಾರರೂ ಸಂಗೀತಕಾರರೂ ಅಲ್ಲಿ ಜೋಡಿಯಾಗಿ ಕೂತು ಕಲಿಯುತ್ತಾರೆ. ಇನ್ನು ಲಿನ್-ಮ್ಯಾನುಯೆಲ್ ಮಿರಾಂಡಾ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿಯಾಗಿದ್ದಾಗ ‘ಇನ್ ದ ಹೈಟ್ಸ್’ ಎಂಬ ಸಂಗೀತನಾಟಕದ ಮೊದಲ ರೂಪವನ್ನು ಬರೆದು ಗೆಳೆಯರ ಜೊತೆ ಅಲ್ಲೇ ಆಡಿದವರು, ಅದು ತರಗತಿಯ ಕೆಲಸವಲ್ಲ. ವಿಶ್ವವಿದ್ಯಾಲಯ ಕೊಡುವ ಬಹು ದೊಡ್ಡ ಕೊಡುಗೆ ಕೆಲವೊಮ್ಮೆ ಒಂದು ಖಾಲಿ ರಂಗಮಂದಿರ ಮತ್ತು ಬಿಡುವಿರುವ ಗೆಳೆಯರು ಮಾತ್ರ.

ನಮ್ಮ ಕಡೆಯ ಮಾತನ್ನೂ ಒಂದಿಷ್ಟು ಆಡಬೇಕು. ಕಂಪನಿ ನಾಟಕದಲ್ಲಿ ಸತ್ತು ಬಿದ್ದ ಪಾತ್ರ ‘ಒನ್ಸ್ ಮೋರ್’ ಕೂಗಿಗೆ ಎದ್ದು ಮತ್ತೆ ಹಾಡಿ ಮತ್ತೆ ಸಾಯುತ್ತಿತ್ತು ಎಂದು ನಗೆಯಾಡುತ್ತೇವೆ. ಹಾಡು ಕತೆಯನ್ನು ನಿಲ್ಲಿಸುತ್ತಿತ್ತು ಎಂಬುದು ನಿಜವೇ. ಆದರೆ ಮೈಕಿಲ್ಲದ ದಿನಗಳಲ್ಲಿ, ತಗಡಿನ ಥಿಯೇಟರಿನ ಹಿಂದಿನ ಸಾಲಿಗೂ ಕಂದಪದ್ಯದ ಒಂದೊಂದು ಅಕ್ಷರ ಕೇಳಿಸುವಂತೆ ಹಾಡುತ್ತಿದ್ದವರು ಎದೆಯ ದನಿಯನ್ನು ಹೇಗೆ ಮೇಲಕ್ಕೊಯ್ಯುತ್ತಿದ್ದರು, ರಾತ್ರಿಯಿಡೀ ಹಾಡಿ ಮರುದಿನ ಮತ್ತೆ ಹೇಗೆ ಹಾಡುತ್ತಿದ್ದರು ಎಂಬುದು ಎಸ್ಟಿಲ್ ಅಳೆದಂತೆ ಅಳೆಯಬೇಕಾದ ಸಂಗತಿ. ಅಂಥ ಕಂಠಗಳು ಇನ್ನೂ ಉಳಿದಿರುವಾಗಲೇ ಆ ಕೆಲಸವಾಗಬೇಕು. ಗುಬ್ಬಿ ಕಂಪನಿಯಲ್ಲಿ ಬಾಲನಟನಾಗಿದ್ದು, ಮುಂದೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿ, ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಾಗಿ ಬಂದ ಬಿ.ವಿ. ಕಾರಂತರು ಎರಡೂ ಲೋಕಗಳನ್ನು ಬಲ್ಲವರಾಗಿದ್ದರು. ಜಡಭರತರ (ಜಿ.ಬಿ. ಜೋಶಿ) ‘ಸತ್ತವರ ನೆರಳು’ ನಾಟಕಕ್ಕೆ ಅವರು ದಾಸರ ಪದಗಳನ್ನು ತಂದಾಗ, ಆ ಪದಗಳು ಕತೆಯನ್ನು ನಿಲ್ಲಿಸದೆ, ಮಠದ ರಾಜಕೀಯವನ್ನು ಪಕ್ಕದಲ್ಲಿ ನಿಂತು ನೋಡಿ ನಗುವ ಇನ್ನೊಂದು ಪಾತ್ರವೇ ಆದವು. ಹಾಡು ಯಾಕೆ, ಈಗಲೇ ಯಾಕೆ ಎಂಬ ಪ್ರಶ್ನೆಗೆ ಕನ್ನಡದಲ್ಲಿ ಸಿಕ್ಕ ಉತ್ತರಗಳಲ್ಲಿ ಅದು ಬಹಳ ಮೇಲಿನದು. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯದಂಥ ಕಡೆ ಸಂಗೀತವೂ ನಾಟಕವೂ ಒಂದೇ ಆವರಣದಲ್ಲಿರುವಾಗ, ಎರಡರ ವಿದ್ಯಾರ್ಥಿಗಳೂ ಒಂದೇ ಕೋಣೆಯಲ್ಲಿ ಕೂತು ಇಂಥ ಒಂದು ನಾಟಕದ ಹಾಡುಗಳನ್ನು ಸಾಲು ಸಾಲಾಗಿ ಬಿಡಿಸಿ ನೋಡುವ ತರಗತಿಗೆ ದೊಡ್ಡ ಹಣವೇನೂ ಬೇಡ.

ಉಪನ್ಯಾಸದ ನಂತರ ಒಬ್ಬ ವಿದ್ಯಾರ್ಥಿನಿ, ಕರ್ನಾಟಕ ಸಂಗೀತ ಕಲಿತ ತಾನು ಇಂಥ ಪದವಿಗೆ ಅರ್ಜಿ ಹಾಕಬಹುದೇ ಎಂದು ಕೇಳಿದರು. ಖಂಡಿತ ಹಾಕಬಹುದು. ನಿಮ್ಮ ಲಯಜ್ಞಾನ ಅಲ್ಲಿನ ಬಹುಪಾಲು ಅಭ್ಯರ್ಥಿಗಳಿಗಿಂತ ಗಟ್ಟಿಯಾಗಿರುತ್ತದೆ, ಶ್ರುತಿಯ ಚಿಂತೆಯೂ ಇರುವುದಿಲ್ಲ. ಮೂರು ಕಡೆ ದುಡಿಯಬೇಕು. ಸ್ವರದಿಂದ ಸ್ವರಕ್ಕೆ ಜಾರುವ ನಮ್ಮ ಗಮಕದ ಅಭ್ಯಾಸವನ್ನು ಬೇಕೆಂದಾಗ ತಡೆದು, ಸ್ವರದ ನೆತ್ತಿಯ ಮೇಲೆ ನೇರವಾಗಿ ಕೂರುವುದನ್ನು ಕಲಿಯಬೇಕು. ಪಕ್ಕದವರು ಬೇರೊಂದು ಸ್ವರದಲ್ಲಿ ಹಾಡುತ್ತಿರುವಾಗ ನಿಮ್ಮ ಸ್ವರವನ್ನು ಬಿಡದೆ ಹಿಡಿಯುವುದು ನಮಗೆ ಅಭ್ಯಾಸವಿಲ್ಲದ್ದು. ಊರಿನಲ್ಲಿ ಚರ್ಚಿನ ಗಾಯನವೃಂದವಿದ್ದರೆ ಅಲ್ಲಿ ಕೇಳಿ ಸೇರಿಕೊಳ್ಳಿ. ಸ್ವರಲಿಪಿ ಓದುವುದನ್ನು ಮಾತ್ರ ಅರ್ಜಿ ಹಾಕುವುದಕ್ಕೆ ಎರಡು ವರ್ಷ ಮೊದಲೇ ಶುರುಮಾಡಿ, ಒಂದು ಸಾಮಾನ್ಯ ಕೀಬೋರ್ಡ್ ಸಾಕು. ವಿಡಿಯೊ ಕಳಿಸುವಾಗ ಹಳೆಯ ಕಾಲದ ನಾಟಕದಿಂದ ಒಂದು, ಈಚಿನದರಿಂದ ಒಂದು, ಹೀಗೆ ಸ್ವಭಾವದಲ್ಲಿ ಭಿನ್ನವಾದ ಎರಡು ಹಾಡುಗಳನ್ನು ಸಾಮಾನ್ಯವಾಗಿ ಕೇಳುತ್ತಾರೆ, ಜೊತೆಗೆ ಒಂದು ಸ್ವಗತ. ಪ್ರತಿ ವಿಶ್ವವಿದ್ಯಾಲಯದ ನಿಯಮ ಬೇರೆಯಿರುವುದರಿಂದ ಅವರವರ ಸೂಚನೆಯನ್ನು ಓದಿಯೇ ಹಾಡು ಆರಿಸಿ, ಮತ್ತು ನಿಮ್ಮ ವಯಸ್ಸಿನ ಪಾತ್ರ ಹಾಡುವುದನ್ನೇ ಆರಿಸಿ. ಹದಿನೆಂಟರ ಹುಡುಗಿ ‘ಸೆಂಡ್ ಇನ್ ದ ಕ್ಲೌನ್ಸ್’ ಹಾಡಿ ಕಳಿಸುವುದು ಬೇಡ.